ಒಂದು ಶಾಲಾ ಮಂಡಳಿ ಸೀಟಿಗೆ ಕೋಟಿಗಟ್ಟಲೆ ಡಾಲರ್ ಯಾಕೆ ಸುರಿಯಿತು? ಸ್ಟೀವ್ ಜಿಮ್ಮರ್ ಅವರ ಮೂರು ಚುನಾವಣೆಗಳು

2017ರ ಮೇ 16ರಂದು ಲಾಸ್ ಏಂಜಲೀಸ್‌ನಲ್ಲಿ ಶಾಲಾ ಮಂಡಳಿಯ ಹಾಲಿ ಅಧ್ಯಕ್ಷ ಸ್ಟೀವ್ ಜಿಮ್ಮರ್ ತಮ್ಮದೇ ಕ್ಷೇತ್ರದಲ್ಲಿ ಸೋತರು. ಗೆದ್ದ ನಿಕ್ ಮೆಲ್ವೊಯಿನ್ ಅವರಿಗೆ ಬಿದ್ದದ್ದು ನೂರಕ್ಕೆ ಸುಮಾರು 57 ಮತ. ಆ ವರ್ಷದ ಮಂಡಳಿ ಚುನಾವಣೆಗೆ ಎಲ್ಲರೂ ಸೇರಿ ಮಾಡಿದ ಖರ್ಚು 1.5 ಕೋಟಿ ಡಾಲರ್ ದಾಟಿತ್ತು. ಅಮೆರಿಕದ ಯಾವ ಊರಿನ ಶಾಲಾ ಮಂಡಳಿ ಚುನಾವಣೆಯೂ ಅದುವರೆಗೆ ಅಷ್ಟು ಹಣ ಕಂಡಿರಲಿಲ್ಲ. ಆಗ ಬೇರೆ ನೌಕರಿ ಇಲ್ಲದ ಸದಸ್ಯರಿಗೆ ಸಿಗುತ್ತಿದ್ದ ಸಂಬಳ ವರ್ಷಕ್ಕೆ ಸುಮಾರು 45 ಸಾವಿರ ಡಾಲರ್. ಒಬ್ಬ ಮೇಷ್ಟರ ಸಂಬಳಕ್ಕಿಂತಲೂ ಅದು ಕಡಿಮೆ.

ಇಷ್ಟು ಚಿಕ್ಕ ಸಂಬಳದ ಸೀಟಿಗೆ ಅಷ್ಟು ದೊಡ್ಡ ಮೊತ್ತ ಯಾಕೆ ಬಂತು ಎಂಬುದು ತಿಳಿಯಬೇಕಾದರೆ ಮೊದಲು ಆ ಸೀಟಿನ ಕೈಯಲ್ಲಿ ಏನೇನಿದೆ ಎಂದು ನೋಡಬೇಕು. ಲಾಸ್ ಏಂಜಲೀಸ್ ಏಕೀಕೃತ ಶಾಲಾ ಜಿಲ್ಲೆ ನಗರಪಾಲಿಕೆಯ ಅಂಗವಲ್ಲ. ಮೇಯರ್ ಅದನ್ನು ನಡೆಸುವುದಿಲ್ಲ. ನಗರದ ಜೊತೆಗೆ ಸುತ್ತಲಿನ ಇಪ್ಪತ್ತಕ್ಕೂ ಹೆಚ್ಚು ಸಣ್ಣ ಪಟ್ಟಣಗಳ ಪ್ರದೇಶವೂ ಅದರೊಳಗೆ ಬರುತ್ತದೆ. ವಿಸ್ತೀರ್ಣ 710 ಚದರ ಮೈಲಿ, ಅಂದರೆ ಬಿಬಿಎಂಪಿ ಆಳುತ್ತಿದ್ದ ಬೆಂಗಳೂರಿನ ಎರಡೂವರೆ ಪಟ್ಟು. ಇಷ್ಟಕ್ಕೂ ಸೇರಿ ಏಳೇ ಸದಸ್ಯರು. ಒಬ್ಬೊಬ್ಬರ ಪಾಲಿಗೆ ಬರುವ ಜನಸಂಖ್ಯೆ ಆರು ಲಕ್ಷದ ಮೇಲೆ. ಕರ್ನಾಟಕದ ಒಂದು ವಿಧಾನಸಭಾ ಕ್ಷೇತ್ರದಲ್ಲಿ ಸರಾಸರಿ ಎರಡೂ ಕಾಲು ಲಕ್ಷ ಮತದಾರರಿರುತ್ತಾರೆ ಎಂಬುದನ್ನು ನೆನೆದರೆ ಅಳತೆ ಅಂದಾಜಿಗೆ ಸಿಗುತ್ತದೆ.

ಈ ಏಳು ಜನ ಶಾಲಾ ಜಿಲ್ಲೆಯ ಆಡಳಿತ ಮುಖ್ಯಸ್ಥರಾದ ಸೂಪರಿಂಟೆಂಡೆಂಟರನ್ನು ನೇಮಿಸುತ್ತಾರೆ, ಬೇಡವಾದರೆ ಕಳಿಸುತ್ತಾರೆ. ಬಜೆಟ್ಟಿಗೆ ಒಪ್ಪಿಗೆ ಕೊಡುತ್ತಾರೆ. ಶಿಕ್ಷಕರ ಸಂಘದ ಜೊತೆಗಿನ ಸಂಬಳದ ಒಪ್ಪಂದ ಅವರ ಮುಂದೆಯೇ ಮಂಜೂರಾಗಬೇಕು. ಆದರೆ ಕೋಟಿಗಟ್ಟಲೆ ಹಣವನ್ನು ಎಳೆದು ತಂದದ್ದು ಇವು ಯಾವುವೂ ಅಲ್ಲ. ಚಾರ್ಟರ್ ಶಾಲೆಗಳ ಅರ್ಜಿಗೆ ಹೂಂ ಅಥವಾ ಉಹೂಂ ಎನ್ನುವ ಅಧಿಕಾರವೇ ಅದಕ್ಕೆ ಕಾರಣ.

ಚಾರ್ಟರ್ ಶಾಲೆ ಎಂದರೆ ಸರ್ಕಾರದ ಹಣದಲ್ಲಿ, ಶುಲ್ಕವಿಲ್ಲದೆ, ಖಾಸಗಿ ಆಡಳಿತ ಮಂಡಳಿ ನಡೆಸುವ ಶಾಲೆ. ಕ್ಯಾಲಿಫೋರ್ನಿಯಾ ಇದಕ್ಕೆ 1992ರಲ್ಲಿ ಕಾನೂನು ಮಾಡಿತು. ಶಾಲೆ ತೆರೆಯುವವರು ಸ್ಥಳೀಯ ಮಂಡಳಿಗೆ ಅರ್ಜಿ ಹಾಕಬೇಕು. ಪರವಾನಗಿಗೆ ಅವಧಿಯಿದೆ, ಮುಗಿದಾಗ ನವೀಕರಣಕ್ಕೂ ಅದೇ ಬಾಗಿಲಿಗೆ ಬರಬೇಕು. ಮಂಡಳಿ ತಿರಸ್ಕರಿಸಿದರೆ ಮೇಲಿನ ಹಂತದ ಕೌಂಟಿ ಶಿಕ್ಷಣ ಮಂಡಳಿಗೆ ಮೇಲ್ಮನವಿ ಹೋಗಬಹುದು. ಆದರೂ ಮೊದಲ ಬಾಗಿಲಲ್ಲೇ ಒಪ್ಪಿಗೆ ಸಿಗುವುದಕ್ಕೂ ವರ್ಷಗಟ್ಟಲೆ ಅಲೆಯುವುದಕ್ಕೂ ಬಹಳ ವ್ಯತ್ಯಾಸವಿದೆ. ಏಳರಲ್ಲಿ ನಾಲ್ಕು ಮತ ಯಾರ ಕಡೆಗಿದೆಯೋ ಅವರ ಯೋಜನೆ ನಡೆಯುತ್ತದೆ.

ಇನ್ನೊಂದು ಕಡೆಯ ಭಯವೂ ಪೊಳ್ಳಲ್ಲ. ರಾಜ್ಯದ ಅನುದಾನ ಬರುವುದು ದಿನದ ಸರಾಸರಿ ಹಾಜರಾತಿಯ ಮೇಲೆ. ಮಗು ಬಿಟ್ಟು ಹೋದರೆ ಹಣವೂ ಅದರ ಜೊತೆ ಹೋಗುತ್ತದೆ. ಕಷ್ಟ ಎಲ್ಲಿದೆ ಎನ್ನುವುದಕ್ಕೆ ಒಂದು ಲೆಕ್ಕ ಹಾಕೋಣ. ಆರು ತರಗತಿಯ, ಆರುನೂರು ಮಕ್ಕಳ ಒಂದು ಪ್ರಾಥಮಿಕ ಶಾಲೆಯಿಂದ ಮೂವತ್ತು ಮಕ್ಕಳು ಹೋದರು ಎನ್ನಿ. ಮೂವತ್ತೂ ಮಕ್ಕಳು ಒಂದೇ ತರಗತಿಯಿಂದ ಹೋಗಿದ್ದರೆ ಒಂದು ಸೆಕ್ಷನ್ ಮುಚ್ಚಿ, ಒಬ್ಬ ಶಿಕ್ಷಕರನ್ನು ಬೇರೆ ಕಡೆ ಹಾಕಬಹುದಿತ್ತು. ನಿಜದಲ್ಲಿ ತರಗತಿಗೆ ಐದರಂತೆ ಹೋಗುತ್ತಾರೆ. ಸೆಕ್ಷನ್ನುಗಳ ಸಂಖ್ಯೆ ಇಳಿಯುವುದಿಲ್ಲ. ಮುಖ್ಯೋಪಾಧ್ಯಾಯರು, ಚಾವಣಿ ರಿಪೇರಿ, ಕರೆಂಟ್ ಬಿಲ್ಲು ಎಲ್ಲ ಹಾಗೇ ಇರುತ್ತವೆ. ಆದಾಯ ಮಾತ್ರ ನೂರಕ್ಕೆ ಐದು ಕಡಿಮೆಯಾಗುತ್ತದೆ. ಆಗ ಮೊದಲು ಕೈಬಿಡುವುದು ಗ್ರಂಥಪಾಲಕರನ್ನು, ನರ್ಸನ್ನು, ಸಂಗೀತದ ಪೀರಿಯಡ್ಡನ್ನು. ಅದನ್ನು ನೋಡಿ ಇನ್ನಷ್ಟು ಪೋಷಕರು ಮಕ್ಕಳನ್ನು ಬಿಡಿಸುತ್ತಾರೆ. ಲಾಸ್ ಏಂಜಲೀಸ್‌ನಲ್ಲಿ ಈ ಶತಮಾನದ ಆರಂಭದಲ್ಲಿ ಏಳು ಲಕ್ಷ ದಾಟಿದ್ದ ಮಕ್ಕಳ ಸಂಖ್ಯೆ ಈಗ ನಾಲ್ಕು ಲಕ್ಷದ ಆಸುಪಾಸಿಗೆ ಇಳಿದಿದೆ. ಇದಕ್ಕೆ ಚಾರ್ಟರ್ ಒಂದೇ ಕಾರಣವೆನ್ನುವುದು ಅನ್ಯಾಯ. ಜನನ ಪ್ರಮಾಣ ತಗ್ಗಿದ್ದು, ಬಾಡಿಗೆ ಏರಿ ಸಂಸಾರಗಳು ಊರು ಬಿಟ್ಟಿದ್ದು ಅಷ್ಟೇ ದೊಡ್ಡ ಕಾರಣಗಳು.

ಇದರ ಮೇಲೆ ಕಟ್ಟಡದ ಜಗಳ. 2000ದಲ್ಲಿ ರಾಜ್ಯದ ಮತದಾರರು ಒಪ್ಪಿದ ಪ್ರಪೊಸಿಷನ್ 39ರ ಪ್ರಕಾರ ಜಿಲ್ಲೆ ತನ್ನ ಶಾಲೆಗಳಲ್ಲಿರುವಂಥದೇ ಗುಣಮಟ್ಟದ ಜಾಗವನ್ನು ಚಾರ್ಟರ್ ಮಕ್ಕಳಿಗೂ ಕೊಡಬೇಕು. ಹಾಗಾಗಿ ಒಂದೇ ಆವರಣದಲ್ಲಿ ಎರಡು ಶಾಲೆ ನಡೆಯುತ್ತವೆ. ಆಟದ ಮೈದಾನ ಯಾವ ಹೊತ್ತಿಗೆ ಯಾರದು, ಊಟದ ಹಾಲ್ ಯಾರಿಗೆ ಮೊದಲು ಎಂಬಲ್ಲಿಂದ ತಕರಾರು ಶುರು. ನಿಜವಾದ ಏಟು ಬೀಳುವುದು ‘ಖಾಲಿ ಕೋಣೆ’ಯ ಎಣಿಕೆಯಲ್ಲಿ. ತರಗತಿ ನಡೆಯದ ಕೋಣೆ ಕಾಗದದ ಮೇಲೆ ಖಾಲಿ. ಅದೇ ಕೋಣೆ ಶಾಲೆಯವರಿಗೆ ಕಂಪ್ಯೂಟರ್ ಲ್ಯಾಬ್, ಪೋಷಕರು ಸೇರುವ ಜಾಗ, ವಿಶೇಷ ಅಗತ್ಯದ ಮಕ್ಕಳಿಗೆ ಮಾತು ಕಲಿಸುವ ಜಾಗ. ಇಂಥ ಒಂದು ಕೋಣೆ ಕಳೆದುಕೊಂಡ ಪೋಷಕರಿಗೆ ಮಂಡಳಿಯ ಚುನಾವಣೆ ಏನೆಂದು ಯಾರೂ ವಿವರಿಸಬೇಕಾಗಿಲ್ಲ.

ಜಿಮ್ಮರ್ ಈ ಜಗಳದ ಮಧ್ಯದಲ್ಲಿ ನಿಂತವರು. ಹೊಸ ಪದವೀಧರರನ್ನು ಬಡ ಬಡಾವಣೆಗಳ ಶಾಲೆಗಳಿಗೆ ಶಿಕ್ಷಕರಾಗಿ ಕಳಿಸುವ ‘ಟೀಚ್ ಫಾರ್ ಅಮೆರಿಕ’ ಸಂಸ್ಥೆಯ ಮೂಲಕ 1992ರಲ್ಲಿ ಲಾಸ್ ಏಂಜಲೀಸ್‌ಗೆ ಬಂದು, ಮಾರ್ಷಲ್ ಹೈಸ್ಕೂಲಿನಲ್ಲಿ ಹದಿನೇಳು ವರ್ಷ ಶಿಕ್ಷಕರಾಗಿ, ಸಲಹೆಗಾರರಾಗಿ ಕೆಲಸ ಮಾಡಿದರು. ಮನೆಯಲ್ಲಿ ಇಂಗ್ಲಿಷ್ ಆಡದ ವಲಸಿಗ ಮಕ್ಕಳಿಗೆ ಇಂಗ್ಲಿಷ್ ಕಲಿಸಿದರು. 2009ರಲ್ಲಿ 4ನೇ ಕ್ಷೇತ್ರದ ಹಾಲಿ ಸದಸ್ಯೆ ಮತ್ತೆ ನಿಲ್ಲದೆ ಸೀಟು ತೆರವಾದಾಗ ನಿಂತು ಗೆದ್ದರು. ಕಡಲಂಚಿನ ಶ್ರೀಮಂತ ವೆಸ್ಟ್‌ಸೈಡ್, ಹಾಲಿವುಡ್‌ನ ಬಾಡಿಗೆ ಮನೆಗಳು, ಸ್ಯಾನ್ ಫರ್ನಾಂಡೊ ಕಣಿವೆಯ ಪಶ್ಚಿಮ ಭಾಗ, ಇವಿಷ್ಟೂ ಆ ಕ್ಷೇತ್ರದಲ್ಲಿದ್ದವು.

ಮಂಡಳಿಯಲ್ಲಿ ಅವರ ನಡೆ ಒಂದು ಪಾಳೆಯಕ್ಕೆ ಪೂರ್ತಿ ಒಗ್ಗಲಿಲ್ಲ. ಅನೇಕ ಚಾರ್ಟರ್ ಅರ್ಜಿಗಳಿಗೆ ಒಪ್ಪಿಗೆ ಕೊಟ್ಟರು. ಆದರೆ 2012ರಲ್ಲಿ, ಹೊಸ ಚಾರ್ಟರ್‌ಗಳನ್ನು ತಡೆದು ಮೊದಲು ಇರುವವುಗಳ ಮೇಲ್ವಿಚಾರಣೆ ಬಿಗಿಮಾಡಬೇಕೆಂಬ ಠರಾವು ತಂದರು. ಚಾರ್ಟರ್ ಪರ ಗುಂಪುಗಳು ಅವರನ್ನು ಎದುರಾಳಿಯ ಪಟ್ಟಿಗೆ ಸೇರಿಸಿದ್ದು ಅಲ್ಲಿಂದ. ಮರುವರ್ಷದ ಚುನಾವಣೆಗೆ ನ್ಯೂಯಾರ್ಕಿನ ಮೇಯರ್ ಮೈಕೆಲ್ ಬ್ಲೂಮ್‌ಬರ್ಗ್ ಲಾಸ್ ಏಂಜಲೀಸ್‌ನ ಚಾರ್ಟರ್ ಪರ ಸುಧಾರಣಾ ಒಕ್ಕೂಟವೊಂದಕ್ಕೆ 10 ಲಕ್ಷ ಡಾಲರ್ ಕೊಟ್ಟರು. ದೇಶದ ಇನ್ನೊಂದು ತುದಿಯ ಮೇಯರ್ ಇಲ್ಲಿನ ಶಾಲಾ ಮಂಡಳಿಗೆ ಹಣ ಹಾಕಿದ್ದು ಆಗ ದೊಡ್ಡ ಸುದ್ದಿ. ಆದರೂ ಜಿಮ್ಮರ್ ಕೇಟ್ ಆಂಡರ್ಸನ್ ವಿರುದ್ಧ ಸುಮಾರು 52–48ರ ಅಂತರದಲ್ಲಿ ಗೆದ್ದರು. ಶಿಕ್ಷಕರ ಸಂಘದ ಜನ ಮನೆ ಮನೆಗೆ ಹೋಗಿ ಬಾಗಿಲು ತಟ್ಟಿದ್ದು ಫಲ ಕೊಟ್ಟಿತು.

ಮುಂದಿನ ನಾಲ್ಕು ವರ್ಷ ಬಿಗುವಾಗಿದ್ದವು. 2013ರಲ್ಲಿ ಮಂಡಳಿ ಪ್ರತಿ ಮಗುವಿಗೂ ಐಪ್ಯಾಡ್ ಕೊಡುವ ಯೋಜನೆಯ ಮೊದಲ ಕಂತಿಗೆ ಒಪ್ಪಿಗೆ ಕೊಟ್ಟಿತು. ಪೂರ್ತಿ ಅಂದಾಜು 130 ಕೋಟಿ ಡಾಲರ್. ಹಂಚಿದ ಕೆಲವೇ ದಿನಗಳಲ್ಲಿ ಮಕ್ಕಳು ಭದ್ರತಾ ಬೀಗವನ್ನು ದಾಟಿ ತಮಗೆ ಬೇಕಾದ ಜಾಲತಾಣ ತೆರೆಯತೊಡಗಿದರು. ಪಾಠದ ತಂತ್ರಾಂಶ ಪೂರ್ತಿ ಸಿದ್ಧವಿರಲಿಲ್ಲ, ಟೆಂಡರಿನ ಬಗ್ಗೆ ಪ್ರಶ್ನೆ ಎದ್ದವು. ಸೂಪರಿಂಟೆಂಡೆಂಟ್ ಜಾನ್ ಡೀಸಿ 2014ರ ಅಕ್ಟೋಬರಿನಲ್ಲಿ ರಾಜೀನಾಮೆ ಕೊಟ್ಟರು. 2015ರಲ್ಲಿ ಕೋಟ್ಯಧಿಪತಿ ದಾನಿ ಎಲೈ ಬ್ರಾಡ್ ಅವರ ಪ್ರತಿಷ್ಠಾನದ ಕರಡು ಯೋಜನೆಯೊಂದು ಪತ್ರಿಕೆಗಳ ಕೈಸೇರಿತು: ಎಂಟು ವರ್ಷದಲ್ಲಿ 260 ಹೊಸ ಚಾರ್ಟರ್, ಜಿಲ್ಲೆಯ ಅರ್ಧದಷ್ಟು ಮಕ್ಕಳು ಅಲ್ಲಿಗೆ, ಖರ್ಚು 49 ಕೋಟಿ ಡಾಲರ್. ಅದೇ ಜುಲೈನಲ್ಲಿ ಅಧ್ಯಕ್ಷರಾಗಿದ್ದ ಜಿಮ್ಮರ್ ಇದನ್ನು ಬಹಿರಂಗವಾಗಿ ವಿರೋಧಿಸಿದರು. 2017ರ ಕಣ ಸಿದ್ಧವಾದದ್ದು ಇಲ್ಲಿ.

ಎದುರು ನಿಂತ ಮೆಲ್ವೊಯಿನ್ ಕೂಡ ‘ಟೀಚ್ ಫಾರ್ ಅಮೆರಿಕ’ದಿಂದ ಬಂದವರೇ. ವಾಟ್ಸ್‌ನ ಮಾರ್ಕಮ್ ಮಿಡ್ಲ್ ಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದಾಗ, ಹಣ ಕಡಿತದ ವರ್ಷಗಳಲ್ಲಿ, ಕೊನೆಗೆ ಸೇರಿದವರನ್ನು ಮೊದಲು ತೆಗೆಯುವ ಸೇವಾ ಹಿರಿತನದ ನಿಯಮದಿಂದಾಗಿ ಕೆಲಸ ಕಳೆದುಕೊಂಡರು. ಹೊಸ ಶಿಕ್ಷಕರೇ ತುಂಬಿದ್ದ ಬಡ ಬಡಾವಣೆಯ ಶಾಲೆಗಳು ಆ ನಿಯಮದಿಂದ ಒಂದೇ ಏಟಿಗೆ ಅರ್ಧ ಖಾಲಿಯಾಗುತ್ತಿದ್ದವು. ಅದರ ವಿರುದ್ಧದ ಮೊಕದ್ದಮೆಯಲ್ಲಿ ಕೈಜೋಡಿಸಿ, ಆಮೇಲೆ ಕಾನೂನು ಓದಿ ರಾಜಕೀಯಕ್ಕೆ ಇಳಿದರು. ಇಬ್ಬರೂ ಡೆಮಾಕ್ರಟರು, ಈ ಚುನಾವಣೆಯಲ್ಲಿ ಮತಪತ್ರದ ಮೇಲೆ ಪಕ್ಷದ ಹೆಸರೇ ಇರುವುದಿಲ್ಲ. ಸೆನೆಟರ್ ಬರ್ನಿ ಸ್ಯಾಂಡರ್ಸ್ ಜಿಮ್ಮರ್ ಪರ ನಿಂತರೆ, ಒಬಾಮಾ ಕಾಲದ ಶಿಕ್ಷಣ ಕಾರ್ಯದರ್ಶಿ ಆರ್ನಿ ಡಂಕನ್ ಮೆಲ್ವೊಯಿನ್ ಪರ ನಿಂತರು.

ಹಣ ಹೇಗೆ ಹರಿಯುತ್ತದೆ ಎಂಬುದು ಈ ವ್ಯವಸ್ಥೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಭಾಗ. ಅಭ್ಯರ್ಥಿಗೆ ನೇರವಾಗಿ ಕೊಡುವ ದೇಣಿಗೆಗೆ ಮಿತಿಯಿದೆ. ಆಗ ಒಬ್ಬರಿಂದ ಸಾವಿರ ಡಾಲರಿಗಿಂತ ತುಸು ಹೆಚ್ಚು ಅಷ್ಟೆ. ಲಾಸ್ ಏಂಜಲೀಸ್ ನಗರಸಭೆಯ ಅಭ್ಯರ್ಥಿಗಳಿಗೆ ಸಣ್ಣ ದೇಣಿಗೆಗೆ ಸರ್ಕಾರಿ ಹಣ ಜೋಡಿಸಿ ಕೊಡುವ ಯೋಜನೆಯಿದೆ, ಶಾಲಾ ಮಂಡಳಿಯವರಿಗೆ ಅದಿಲ್ಲ.

ಆದರೆ ಅಭ್ಯರ್ಥಿಯ ಜೊತೆ ಸಮಾಲೋಚಿಸದೆ ಹೊರಗಿನವರು ಸ್ವತಂತ್ರವಾಗಿ ಮಾಡುವ ಖರ್ಚಿಗೆ ಯಾವ ಮಿತಿಯೂ ಇಲ್ಲ. ಅಂಥ ಖರ್ಚಿಗೆ ಕಡಿವಾಣ ಹಾಕುವುದು ವಾಕ್ ಸ್ವಾತಂತ್ರ್ಯಕ್ಕೆ ಭಂಗವೆಂದು ಸುಪ್ರೀಂ ಕೋರ್ಟ್ 1976ರಿಂದಲೇ ಹೇಳುತ್ತ ಬಂದಿದೆ. ಕಂಪನಿಗಳಿಗೂ ಸಂಘಗಳಿಗೂ ಆ ಹಕ್ಕನ್ನು 2010ರಲ್ಲಿ ವಿಸ್ತರಿಸಿತು. 2017ರ ಹಣದ ಬಹುಪಾಲು ಬಂದದ್ದು ಈ ದಾರಿಯಲ್ಲೇ. ಒಂದು ಕಡೆ ಕ್ಯಾಲಿಫೋರ್ನಿಯಾ ಚಾರ್ಟರ್ ಶಾಲೆಗಳ ಸಂಘದ ರಾಜಕೀಯ ವಿಭಾಗ. ಅದರ ಹಿಂದೆ ನೆಟ್‌ಫ್ಲಿಕ್ಸ್‌ನ ರೀಡ್ ಹೇಸ್ಟಿಂಗ್ಸ್, ಮಾಜಿ ಮೇಯರ್ ರಿಚರ್ಡ್ ರಿಯೊರ್ಡನ್, ಎಲೈ ಬ್ರಾಡ್ ಅಂಥವರು. ಇನ್ನೊಂದು ಕಡೆ ಶಿಕ್ಷಕರ ಸಂಘಗಳು. ಸಂಘಗಳ ಮೊತ್ತವೂ ಲಕ್ಷಗಟ್ಟಲೆಯೇ. ಆದರೆ ಈ ಸಲ ಚಾರ್ಟರ್ ಕಡೆಯ ಮೊತ್ತ ಅದಕ್ಕಿಂತ ಬಹಳ ಮುಂದಿತ್ತು.

ಈ ಏರ್ಪಾಡಿನ ಒಂದು ಕೆಟ್ಟ ಪರಿಣಾಮ ಹೊರಗಿನವರಿಗೆ ಬೇಗ ಕಾಣುವುದಿಲ್ಲ. ತನ್ನ ಪರವಾಗಿ ಹೊರಡುವ ಕರಪತ್ರದಲ್ಲಿ ಏನಿದೆ ಎಂದು ಅಭ್ಯರ್ಥಿಗೇ ಗೊತ್ತಿರುವುದಿಲ್ಲ, ಗೊತ್ತಿರಲೂಬಾರದು. ಸುಳ್ಳಿದ್ದರೆ ತಡೆಯುವ ಅಧಿಕಾರವೂ ಅವರಿಗಿಲ್ಲ. ಜಿಮ್ಮರ್ ವಿರುದ್ಧದ ಕರಪತ್ರಗಳು ಐಪ್ಯಾಡ್ ಹಗರಣವನ್ನು ಅವರ ತಲೆಗೆ ಕಟ್ಟಿದವು. ಅವರು ಅದಕ್ಕೆ ಮತ ಹಾಕಿದ್ದು ನಿಜ. ಆದರೆ ಯೋಜನೆ ತಂದವರು ಡೀಸಿ, ಅವರ ಹಿಂದೆ ನಿಂತಿದ್ದವರು ಇದೇ ಸುಧಾರಣಾವಾದಿ ಗುಂಪುಗಳು. ಇತ್ತ ಸಂಘದ ಕಡೆಯ ಕರಪತ್ರಗಳು ಮೆಲ್ವೊಯಿನ್ ಅವರನ್ನು ಡೊನಾಲ್ಡ್ ಟ್ರಂಪ್, ಅವರ ಶಿಕ್ಷಣ ಕಾರ್ಯದರ್ಶಿ ಬೆಟ್ಸಿ ಡಿವಾಸ್ ಜೊತೆ ಜೋಡಿಸಿದವು. ಅವರಾದರೋ ಒಬಾಮಾ ಶ್ವೇತಭವನದಲ್ಲಿ ಇಂಟರ್ನ್ ಆಗಿದ್ದವರು. ಜಿಮ್ಮರ್ ಅವರ ಎಂಟು ವರ್ಷದ ಕೆಲಸ, ಮಂಡಳಿಯಲ್ಲಿ ಹಾಕಿದ ನೂರಾರು ಮತಗಳು, ಹೈಸ್ಕೂಲು ಮುಗಿಸುವ ಮಕ್ಕಳ ಪ್ರಮಾಣ ಏರಿದ್ದು, ಅದರಲ್ಲಿ ತರಾತುರಿಯ ಆನ್‌ಲೈನ್ ಕೋರ್ಸುಗಳ ಪಾಲೆಷ್ಟು ಎಂಬ ನ್ಯಾಯವಾದ ಟೀಕೆ, ಇವು ಯಾವುವೂ ಆ ಹೊಳೆಯುವ ಕಾಗದದಲ್ಲಿ ಹಿಡಿಸಲಿಲ್ಲ. ಎರಡೂ ಕಡೆ ಒಂದಿಷ್ಟು ಒಪ್ಪಿ ಒಂದಿಷ್ಟು ತಡೆಯುವ ಸದಸ್ಯರಿಗೆ ಈ ಹಣದ ವ್ಯವಸ್ಥೆಯಲ್ಲಿ ದಾತರು ಸಿಗುವುದಿಲ್ಲ. ಹಣ ಹಾಕುವವರಿಗೆ ಬೇಕಾದದ್ದು ಖಚಿತವಾದ ನಾಲ್ಕನೇ ಮತ. ಜಿಮ್ಮರ್ ಸೋಲಿನಲ್ಲಿ ನನಗೆ ಕಾಣುವ ಮೂಲ ಸಂಗತಿ ಇದು.

ಸೋಲಿನ ಎರಡನೆಯ ಕಾರಣ ಚುನಾವಣೆಯ ದಿನಾಂಕ. 2017ರ ಮಾರ್ಚ್ 7ರ ಮೊದಲ ಸುತ್ತಿನಲ್ಲಿ ಜಿಮ್ಮರ್ ಅವರೇ ಮುಂದಿದ್ದರು: ಅವರಿಗೆ ನೂರಕ್ಕೆ 47ರ ಮೇಲೆ, ಮೆಲ್ವೊಯಿನ್ ಅವರಿಗೆ 31ರ ಆಸುಪಾಸು. ಅರ್ಧ ದಾಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ದಾಟದ ಕಾರಣ ಇನ್ನು ಹತ್ತು ವಾರಗಳ ಪ್ರಚಾರ ಬಂತು. ಇತ್ತ ಮೇಯರ್ ಎರಿಕ್ ಗಾರ್ಸೆಟಿ ಮಾರ್ಚ್‌ನಲ್ಲೇ ಭಾರಿ ಬಹುಮತದಿಂದ ಗೆದ್ದುಬಿಟ್ಟಿದ್ದರು. ಹಾಗಾಗಿ ಮೇ ತಿಂಗಳ ಮತಪತ್ರದಲ್ಲಿ 4ನೇ ಕ್ಷೇತ್ರದ ಹೆಚ್ಚಿನವರಿಗೆ ಇದ್ದದ್ದು ಶಾಲಾ ಮಂಡಳಿ ಮತ್ತು ಪೊಲೀಸ್ ಶಿಸ್ತುಕ್ರಮದ ಕುರಿತ ಒಂದು ತಿದ್ದುಪಡಿ, ಅಷ್ಟೆ. ಬಂದ ಮತದಾರರು ಹತ್ತರಲ್ಲಿ ಒಬ್ಬರ ಆಸುಪಾಸು. ಇಂಥ ಚುನಾವಣೆಯಲ್ಲಿ ಪ್ರಚಾರ ತಂಡಗಳು ಎಲ್ಲ ಮತದಾರರ ಬೆನ್ನು ಹತ್ತುವುದಿಲ್ಲ. ಯಾರು ಯಾವ ಚುನಾವಣೆಯಲ್ಲಿ ಮತ ಹಾಕಿದ್ದರು ಎಂಬ ಪಟ್ಟಿ ದೊರೆಯುತ್ತದೆ (ಯಾರಿಗೆ ಹಾಕಿದರು ಎಂಬುದಲ್ಲ, ಹಾಕಿದರೋ ಇಲ್ಲವೋ ಎಂಬುದು). ಸಪ್ಪೆ ಚುನಾವಣೆಗೂ ತಪ್ಪದೆ ಬರುವವರನ್ನು ಅದರಿಂದ ಬೇರ್ಪಡಿಸಿ, ಅಂಚೆ ಮತಪತ್ರ ಮನೆ ತಲುಪುವ ವಾರಕ್ಕೆ ಸರಿಯಾಗಿ ಕರಪತ್ರ ಬೀಳುವಂತೆ ನೋಡಿಕೊಳ್ಳುತ್ತಾರೆ. ಆ ಪಟ್ಟಿಯಲ್ಲಿ ವಯಸ್ಸಾದವರು, ಸ್ವಂತ ಮನೆಯವರು ಹೆಚ್ಚು. ಶಾಲೆಗೆ ಮಕ್ಕಳನ್ನು ಕಳಿಸುವ ಬಾಡಿಗೆ ಮನೆಯ ಸಂಸಾರಗಳು ಕಡಿಮೆ. ಅವರಲ್ಲಿ ಎಷ್ಟೋ ಜನ ಪೌರರೇ ಅಲ್ಲ.

ಇದನ್ನು ಸರಿಪಡಿಸಲೆಂದು 2015ರಲ್ಲೇ ಮತದಾರರು ತಿದ್ದುಪಡಿ ಒಪ್ಪಿ, ಮಂಡಳಿ ಚುನಾವಣೆಯನ್ನು ರಾಜ್ಯ ಮತ್ತು ರಾಷ್ಟ್ರದ ಚುನಾವಣೆ ನಡೆಯುವ ಸಮವರ್ಷಗಳಿಗೆ ಸ್ಥಳಾಂತರಿಸಿದ್ದರು. ಆ ಹೊಂದಾಣಿಕೆಗಾಗಿ 2017ರಲ್ಲಿ ಗೆದ್ದವರಿಗೆ ಒಂದು ಬಾರಿಗೆ ಐದೂವರೆ ವರ್ಷದ ಅವಧಿ ಸಿಕ್ಕಿತು. ಹಣ ಹಾಕುವವರ ಲೆಕ್ಕದಲ್ಲಿ ಸೀಟಿನ ಬೆಲೆ ಏರಿದ್ದಕ್ಕೆ ಇದೂ ಕಾರಣ. 2020ರಿಂದ ಹೊಸ ವೇಳಾಪಟ್ಟಿ ಬಂತು, ಮತ ಹಾಕುವವರ ಸಂಖ್ಯೆ ಹಲವು ಪಟ್ಟು ಏರಿತು. ಖರ್ಚು ಮಾತ್ರ ಇಳಿಯಲಿಲ್ಲ. ಹೆಚ್ಚು ಜನರಿಗೆ ಕರಪತ್ರ ಕಳಿಸಬೇಕಾದ್ದರಿಂದ 2020ರಲ್ಲೂ ಕೋಟಿಗಟ್ಟಲೆ ಡಾಲರ್ ಹರಿಯಿತು. ಮತದಾನ ಹೆಚ್ಚಿದ್ದು ಒಳ್ಳೆಯದೇ, ಆದರೆ ಅದರಿಂದ ಹಣದ ಹಿಡಿತ ಸಡಿಲುತ್ತದೆ ಎಂದು ನಂಬಿದ್ದವರ ನಿರೀಕ್ಷೆ ಕೈಗೂಡಲಿಲ್ಲ.

ಅಷ್ಟು ಹಣಕ್ಕೆ ಗೆದ್ದವರಿಗೆ ದಕ್ಕಿದ್ದೇನು? ಮಂಡಳಿಯಲ್ಲಿ ಚಾರ್ಟರ್ ಪರ 4–3ರ ಬಹುಮತ. 2017ರ ಜುಲೈನಲ್ಲಿ ಅಧ್ಯಕ್ಷರಾದ ರೆಫ್ ರಾಡ್ರಿಗಸ್ ಮೇಲೆ ಸೆಪ್ಟೆಂಬರಿನಲ್ಲೇ ಮೊಕದ್ದಮೆ ಬಿತ್ತು. 2015ರ ತಮ್ಮ ಚುನಾವಣೆಗೆ ನೆಂಟರು, ಸ್ನೇಹಿತರ ಹೆಸರಿನಲ್ಲಿ ಸುಮಾರು 24 ಸಾವಿರ ಡಾಲರ್ ದೇಣಿಗೆ ಬರಿಸಿ, ಆ ಹಣವನ್ನು ಅವರಿಗೆ ತಾವೇ ತುಂಬಿಕೊಟ್ಟಿದ್ದರು. ಸ್ವಂತ ಹಣವೆಂದು ಬಹಿರಂಗವಾಗಿ ಹಾಕಿಕೊಂಡಿದ್ದರೆ ಅದು ಅಪರಾಧವೇ ಆಗುತ್ತಿರಲಿಲ್ಲ. ಪ್ರಚಾರದ ಮೊದಲ ಲೆಕ್ಕಪತ್ರದಲ್ಲಿ ‘ಇಷ್ಟು ಜನ ನನ್ನ ಹಿಂದಿದ್ದಾರೆ’ ಎಂದು ಕಾಣಬೇಕಿತ್ತು; ದೊಡ್ಡ ದಾತರು ಕೈ ಹಾಕುವ ಮುನ್ನ ನೋಡುವುದು ಅದನ್ನೇ. 2018ರ ಜುಲೈನಲ್ಲಿ ತಪ್ಪೊಪ್ಪಿಕೊಂಡು ಸ್ಥಾನ ಬಿಟ್ಟರು. ಅದಕ್ಕೆ ಮುಂಚೆ, ಮೊಕದ್ದಮೆ ತಲೆಯ ಮೇಲಿರುವಾಗಲೇ, ಆಸ್ಟಿನ್ ಬ್ಯೂಟ್ನರ್ ಅವರನ್ನು ಸೂಪರಿಂಟೆಂಡೆಂಟ್ ಮಾಡುವ 5–2ರ ನಿರ್ಧಾರದಲ್ಲಿ ಮತ ಹಾಕಿದ್ದರು.

2019ರ ಜನವರಿಯಲ್ಲಿ ಶಿಕ್ಷಕರು ಆರು ದಿನ ಮುಷ್ಕರ ಹೂಡಿದರು. ತೆರವಾದ ಸೀಟಿಗೆ ಮೇ ತಿಂಗಳಲ್ಲಿ ಸಂಘದ ಬೆಂಬಲದ ಜಾಕಿ ಗೋಲ್ಡ್‌ಬರ್ಗ್ ನೂರಕ್ಕೆ ಎಪ್ಪತ್ತರಷ್ಟು ಮತ ಪಡೆದು ಬಂದರು. ಎರಡು ವರ್ಷ ತುಂಬುವ ಮೊದಲೇ ಬಹುಮತ ಹೋಯಿತು. ಅದೇ ವರ್ಷ ರಾಜ್ಯ ಎಬಿ 1505 ಎಂಬ ಕಾನೂನು ಮಾಡಿ, ಜಿಲ್ಲೆಯ ಹಣಕಾಸಿನ ಮೇಲಾಗುವ ಪರಿಣಾಮವನ್ನೂ ಪರಿಗಣಿಸಿ ಹೊಸ ಚಾರ್ಟರ್ ಅರ್ಜಿ ತಿರಸ್ಕರಿಸಲು ಮಂಡಳಿಗಳಿಗೆ ಅವಕಾಶ ಕೊಟ್ಟಿತು. 2012ರಲ್ಲಿ ಜಿಮ್ಮರ್ ಎತ್ತಿದ್ದ ಪ್ರಶ್ನೆಗಳಲ್ಲಿ ಕೆಲವು ಹೀಗೆ ಅವರಿಲ್ಲದ ಕಾಲದಲ್ಲಿ ಕಾನೂನಾದವು. ಸದಸ್ಯರ ಸಂಬಳವನ್ನು ಪ್ರತ್ಯೇಕ ಸಮಿತಿಯೊಂದು 2017ರ ಜುಲೈನಲ್ಲಿ 1,25,000 ಡಾಲರಿಗೆ ಏರಿಸಿತು. ನನ್ನ ಪ್ರಕಾರ ಅದು ಸರಿಯಾದ ನಿರ್ಧಾರ. ಇಲ್ಲದಿದ್ದರೆ ಈ ಪೂರ್ಣಾವಧಿ ಕೆಲಸ ಸ್ಥಿತಿವಂತರಿಗೆ ಮಾತ್ರ ಮೀಸಲಾಗುತ್ತಿತ್ತು.

ನಮ್ಮಲ್ಲಿನ ಸರ್ಕಾರಿ ಶಾಲೆಗಳ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿಗೂ ಇದಕ್ಕೂ ಹೋಲಿಕೆ ಮಾಡುವವರಿದ್ದಾರೆ. ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಮಿನಂತೆ ಆ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಆಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಅಲ್ಲಿ ಮತ ಹಾಕುವವರ ಮಕ್ಕಳು ಅದೇ ಶಾಲೆಯಲ್ಲಿ ಓದುತ್ತಿರುತ್ತಾರೆ. ಲಾಸ್ ಏಂಜಲೀಸ್‌ನಲ್ಲಿ ಈ ಖಾತ್ರಿಯಿಲ್ಲ. ಆದರೆ ಶಿಕ್ಷಕರ ನೇಮಕ, ಬಜೆಟ್, ಹೊಸ ಶಾಲೆಗೆ ಮಂಜೂರಾತಿ ಯಾವುದೂ ಎಸ್‌ಡಿಎಂಸಿ ಕೈಯಲ್ಲಿಲ್ಲ. ಕೋಟಿಗಟ್ಟಲೆ ಹಣ ಅದರ ಹತ್ತಿರ ಸುಳಿಯದಿರುವುದಕ್ಕೆ ಅದೇ ಕಾರಣ.

ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡದ ಸಂಸಾರಗಳಿಗೆ ಉಪಯೋಗಕ್ಕೆ ಬರುವ ಕೆಲವು ಮಾತು. ಪೌರತ್ವ ಪಡೆದವರಿಗೆ ಮಾತ್ರ ಲಾಸ್ ಏಂಜಲೀಸ್‌ನಲ್ಲಿ ಮತವಿದೆ; ಎಚ್‌1ಬಿ ಅಥವಾ ಗ್ರೀನ್ ಕಾರ್ಡ್ ಮೇಲಿರುವವರು ಹಾಕುವಂತಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 2016ರ ಮತದಾರರ ತೀರ್ಮಾನದಂತೆ ಮಕ್ಕಳ ಪೋಷಕರು ಪೌರರಲ್ಲದಿದ್ದರೂ ಶಾಲಾ ಮಂಡಳಿಗೆ ಮಾತ್ರ ಮತ ಹಾಕಬಹುದು. ಅದಕ್ಕೆ ಬೇರೆ ಅರ್ಜಿಯಿದೆ, ಪ್ರತಿ ಚುನಾವಣೆಗೂ ಹೊಸದಾಗಿ ತುಂಬಬೇಕು. ಆ ಮಾಹಿತಿ ವಲಸೆ ಇಲಾಖೆಯ ಕೈಗೆ ಹೋಗುವ ಸಾಧ್ಯತೆಯಿದೆ ಎಂದು ಅಲ್ಲಿನ ಚುನಾವಣಾ ಇಲಾಖೆಯೇ ಎಚ್ಚರಿಸುತ್ತದೆ. ಮೊದಲು ವಲಸೆ ವಕೀಲರನ್ನು ಕೇಳಿ. ತಪ್ಪಿ ಸಾಮಾನ್ಯ ಮತದಾರರ ಪಟ್ಟಿಗೆ ಹೆಸರು ಸೇರಿದರೆ ಮುಂದೆ ಪೌರತ್ವಕ್ಕೇ ತೊಡಕಾದೀತು.

ಮತವಿಲ್ಲದವರಿಗೂ ಮಂಡಳಿಯ ಸಭೆಯಲ್ಲಿ ಮಾತಾಡುವ ಹಕ್ಕಿದೆ. ಮೊದಲೇ ಹೆಸರು ಬರೆಸಿರಬೇಕು, ಸಿಗುವುದು ಎರಡು ಮೂರು ನಿಮಿಷ. ಕಾರ್ಯಸೂಚಿಯ ಯಾವ ಅಂಶದ ಬಗ್ಗೆ ಮಾತು ಎಂದು ಸಂಖ್ಯೆ ಸಮೇತ ಹೇಳಿ ಶುರು ಮಾಡಿದರೆ ಆ ಸಮಯ ಸಾಕಾಗುತ್ತದೆ. ಮನೆಗೆ ಕರಪತ್ರ ಬಂದರೆ ಮೊದಲು ಅಡಿಯ ಸಣ್ಣಕ್ಷರ ಓದಿ. ಅಭ್ಯರ್ಥಿಯ ಅನುಮತಿಯಿಂದ ಹೊರಟಿದ್ದಲ್ಲ ಎಂಬ ಸಾಲಿದ್ದರೆ ಅದು ಹೊರಗಿನ ಹಣ. ಪಕ್ಕದಲ್ಲೇ ದೊಡ್ಡ ದಾತರ ಹೆಸರಿರಬೇಕು. ಆ ಹೆಸರು ಹಿಡಿದು ಚುನಾವಣಾ ಹಣದ ಲೆಕ್ಕ ಇಡುವ ನಗರದ ಎಥಿಕ್ಸ್ ಕಮಿಷನ್ ಜಾಲತಾಣದಲ್ಲಿ ಹುಡುಕಿದರೆ ಯಾರು ಎಷ್ಟು ಹಾಕಿದ್ದಾರೆ ಎಂಬ ಲೆಕ್ಕ ಸಿಗುತ್ತದೆ. ಹಾಲಿ ಸದಸ್ಯರಾದರೆ, ಚಾರ್ಟರ್ ನವೀಕರಣ ಮತ್ತು ಕಟ್ಟಡ ಹಂಚಿಕೆಯ ವಿಷಯದಲ್ಲಿ ಅವರು ಹಾಕಿದ ಮತವನ್ನು ಸಭೆಯ ನಡಾವಳಿಯಲ್ಲಿ ನೋಡಿ. 2026ರದು 2, 4 ಮತ್ತು 6ನೇ ಕ್ಷೇತ್ರಗಳ ಸರದಿ. ಕ್ಷೇತ್ರದ ಗಡಿಗಳು 2021ರಲ್ಲಿ ಬದಲಾಗಿವೆ. ಹಳೆಯ ನಕ್ಷೆ ನಂಬದೆ, ನಿಮ್ಮ ವಿಳಾಸ ಯಾವ ಕ್ಷೇತ್ರಕ್ಕೆ ಸೇರಿದೆ ಎಂದು ಹೊಸದಾಗಿ ಪರಿಶೀಲಿಸಿಕೊಳ್ಳಿ.